ಎರಡು ನಡುಗಡ್ಡೆಗಳ ನಡುವೆ

ನಿವೃತ್ತಿಯ ಬಳಿಕ ಬೆಂಗಳೂರು ಬಿಡಬೇಕೆಂದು ತೀರ್ಮಾನಿಸಿದಾಗ ನಮ್ಮ ಮುಂದೆ ಎರಡು ಊರುಗಳಿದ್ದವು. ಒಂದು, ಸಾಗರ ತಾಲ್ಲೂಕಿನಲ್ಲಿ ಶರಾವತಿ ಹಿನ್ನೀರಿನ ಆಚೆಗಿರುವ ತುಮರಿ. ಇನ್ನೊಂದು, ಕುಂದಾಪುರದ ಬಳಿ ಪಂಚಗಂಗಾವಳಿಯ ನೀರಿನ ನಡುವೆ ಇರುವ ಉಪ್ಪಿನಕುದ್ರು. ತುಮರಿಯ ಸೀಮೆಯಲ್ಲಿ ನಮ್ಮತ್ತೆಯ ತವರಿತ್ತು. ಉಪ್ಪಿನಕುದ್ರುವಿನಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ನೆಲೆಸಿದ್ದಾರೆ. ಎರಡೂ ಕಡೆ ನೀರು, ಹಸಿರು, ಬೆಂಗಳೂರಿನಲ್ಲಿ ಎಷ್ಟು ಹಣ ಕೊಟ್ಟರೂ ಸಿಗದ ನಿಶ್ಶಬ್ದ. ಯಾವುದನ್ನು ಆರಿಸಿಕೊಂಡರೂ ನಷ್ಟವಿಲ್ಲವೆಂದೇ ನಾನು ಭಾವಿಸಿದ್ದೆ. ವರ್ಷವಿಡೀ ಓಡಾಡಿದ ಮೇಲೆ ಆ ಭಾವನೆ ಉಳಿಯಲಿಲ್ಲ.

ತುಮರಿ ಭೂಪಟದ ಲೆಕ್ಕದಲ್ಲಿ ದ್ವೀಪವಲ್ಲ. ಮೂರು ಕಡೆ ನೀರು, ಇನ್ನೊಂದು ಕಡೆ ಘಟ್ಟದ ಕಾಡು. ಆದರೆ ಅಲ್ಲಿಯವರು ತಮ್ಮನ್ನು ದ್ವೀಪವಾಸಿಗಳೆಂದೇ ಕರೆದುಕೊಂಡು ಬಂದಿದ್ದಾರೆ. ಅದಕ್ಕೆ ಕಾರಣವೂ ಇದೆ. ಪ್ರಕೃತಿ ಮಾಡಿದ ದ್ವೀಪ ಅದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ನೀರು 1,819 ಅಡಿಯ ಮಟ್ಟಕ್ಕೆ ಏರಿದಾಗ ಕರೂರು, ಬಾರಂಗಿ ಸೀಮೆಯ ಗದ್ದೆ, ತೋಟ, ದೇವಸ್ಥಾನಗಳೊಡನೆ ದಾರಿಗಳೂ ಮುಳುಗಿದವು. ಶರಾವತಿ ವಿದ್ಯುದಾಗಾರ 1,035 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆದು ನಾಡಿನ ಪೇಟೆಗಳನ್ನು ಬೆಳಗಿಸಿತು. ಅದಕ್ಕಾಗಿ ನೆಲ ಬಿಟ್ಟುಕೊಟ್ಟವರ ಪಾಲಿಗೆ ಉಳಿದದ್ದು ಲಾಂಚು. ಕಳಸವಳ್ಳಿಯ ದಡದಲ್ಲಿ ಸಂಜೆಯ ಕೊನೆಯ ಲಾಂಚು ತಪ್ಪಿದರೆ ಕೋಗಾರು, ಕಾರ್ಗಲ್ ಮಾರ್ಗವಾಗಿ ಕಾಡು ಸುತ್ತಿ ಬರಬೇಕಿತ್ತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಲಾಂಚು ವಾಹನಗಳನ್ನು ಒಯ್ಯುವುದನ್ನೇ ನಿಲ್ಲಿಸುತ್ತಿತ್ತು.

ನಮ್ಮತ್ತೆಗೆ ಈಗ 82 ವರ್ಷ. ಮುಳುಗಡೆಯಾದಾಗ ಅವರು ಇಪ್ಪತ್ತರ ಆಸುಪಾಸಿನ ಸೊಸೆ. ತವರುಮನೆ ನೀರಿನಡಿ ಹೋಯಿತು. ಅಣ್ಣ ಹಿನ್ನೀರಿನಾಚೆಯೇ ಮೇಲಿನ ಜಾಗದಲ್ಲಿ ಮನೆ ಕಟ್ಟಿಕೊಂಡರು. ಎಷ್ಟೋ ವರ್ಷಗಳ ನಂತರ ಒಂದು ಮಳೆಗಾಲದ ರಾತ್ರಿ ಅವರಿಗೆ ಎದೆನೋವು ಬಂತು. ಸುತ್ತಿ ಹೋಗಲು ಜೀಪು ಸಿಗಲಿಲ್ಲ. ಮನೆಯವರು ಬೆಳಗಿನ ಮೊದಲ ಲಾಂಚಿಗೆ ಕಾದರು. ಅದು ಬರುವ ಮೊದಲೇ ಅವರು ತೀರಿಕೊಂಡರು. ತುಮರಿಯಲ್ಲಿ ನೆಲೆಸುವ ನಮ್ಮ ಯೋಚನೆಯನ್ನು ಉತ್ಸಾಹದಿಂದ ಹೇಳಿದಾಗ ಅತ್ತೆ ಅಂದದ್ದು ಇಷ್ಟೇ: ‘ನಿಮಗೆ ಬೇಕಾದಾಗ ಹೋಗ್ತೀರಿ, ಬೇಡಾದಾಗ ಬರ್ತೀರಿ. ಅಲ್ಲಿದ್ದವರಿಗೆ ಅದೇ ಇರಲಿಲ್ಲ.’

ಅದು ಈಗ ಬದಲಾಗಿದೆ. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸುಮಾರು 2.4 ಕಿ.ಮೀ. ಉದ್ದದ ಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆದುಕೊಂಡಿತು. ಮುಳುಗಡೆಯ ಸಂಕಟವನ್ನು ‘ದ್ವೀಪ’ ಕಾದಂಬರಿಯ ಮೂಲಕ ಕನ್ನಡಕ್ಕೆ ತಂದ ನಾ. ಡಿಸೋಜ ಅದೇ ವರ್ಷದ ಜನವರಿಯಲ್ಲಿ ನಿಧನರಾದರು. ಸೇತುವೆ ತೆರೆದದ್ದನ್ನು ಅವರು ನೋಡಲಿಲ್ಲ. ಇಂದು ಸಾಗರದ ಆಸ್ಪತ್ರೆಯನ್ನು ಸುಮಾರು ಒಂದು ಗಂಟೆಯಲ್ಲಿ ತಲುಪಬಹುದು, ಅದೂ ನಡುರಾತ್ರಿಯಲ್ಲಿ. ಹಾಗಿದ್ದ ಮೇಲೆ ತುಮರಿಯನ್ನು ಏಕೆ ಬಿಡಬೇಕು?

ಉತ್ತರ ಸಿಕ್ಕಿದ್ದು ನಾವು ಜಾಗ ನೋಡಲು ಹೋದ ದಿನ. ಸೇತುವೆ ಇಳಿದು ಚಹಾ ಕುಡಿಯುವಷ್ಟರಲ್ಲಿ ದಲ್ಲಾಳಿಯೊಬ್ಬರು ಪರಿಚಯವಾದರು. ಹಿನ್ನೀರು ಕಾಣುವ ಎರಡು ಎಕರೆ, ‘ಬೆಂಗಳೂರಿನವರು ಮೂವರು ಕೇಳಿಟ್ಟಿದ್ದಾರೆ’ ಎಂದರು. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. ಆದರೆ ಶರಾವತಿ ಯೋಜನೆಗಾಗಿ ಮನೆಮಾರು ಕಳೆದುಕೊಂಡು ಅರಣ್ಯಭೂಮಿಯಲ್ಲಿ ಪುನರ್ವಸತಿ ಪಡೆದ ಸಾವಿರಾರು ಕುಟುಂಬಗಳ ಹಕ್ಕುಪತ್ರದ ಪ್ರಶ್ನೆ ಆರು ದಶಕ ಕಳೆದರೂ ಪೂರ್ಣವಾಗಿ ಇತ್ಯರ್ಥಗೊಂಡಿಲ್ಲ. ತಾವು ಉಳುವ ನೆಲಕ್ಕೆ ಕಾಗದವಿಲ್ಲದವರ ಪಕ್ಕದಲ್ಲಿ ಪಿಂಚಣಿಯ ಗಂಟು ಹಿಡಿದು ‘ವ್ಯೂ’ ಕೊಳ್ಳಲು ನಿಂತ ನನ್ನನ್ನು ನೋಡಿ ನನಗೇ ಮುಜುಗರವಾಯಿತು. ಅವರಿಗೆ ಸೇತುವೆ ಬಂದದ್ದು ಹೊರಗೆ ಹೋಗುವ ಸ್ವಾತಂತ್ರ್ಯಕ್ಕಾಗಿ, ನಾವು ಒಳಗೆ ನುಗ್ಗುವ ಅನುಕೂಲಕ್ಕಾಗಿ ಅಲ್ಲ.

ಉಪ್ಪಿನಕುದ್ರು ಬೇರೆಯೇ ಬಗೆಯ ಊರು. ನದಿ ಸಮುದ್ರ ಸೇರುವ ಮೊದಲು ಹೊತ್ತು ತಂದ ಮಣ್ಣು ನಿಂತು ಆದ ನಡುಗಡ್ಡೆಗಳನ್ನು ಕರಾವಳಿಯಲ್ಲಿ ಕುದ್ರು ಎನ್ನುತ್ತಾರೆ. ತಲ್ಲೂರಿನ ಬಳಿ ಹೆದ್ದಾರಿ ಬಿಟ್ಟು ಒಳಗೆ ಹೋದರೆ ವಾಹನಗಳ ಸದ್ದು ಸ್ವಲ್ಪ ಹೊತ್ತಿನಲ್ಲೇ ಹಿಂದೆ ಉಳಿಯುತ್ತದೆ. ತೆಂಗು, ಗದ್ದೆ, ದೋಣಿ, ಹಂಚಿನ ಮನೆ. ಕೊಗ್ಗ ಕಾಮತರ ಕುಟುಂಬ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಯಕ್ಷಗಾನ ಸೂತ್ರದ ಗೊಂಬೆಯಾಟದಿಂದ ಈ ಪುಟ್ಟ ಊರಿನ ಹೆಸರು ದೇಶದ ಹೊರಗೂ ಹೋಗಿದೆ. ಕುಂದಾಪುರದ ಸರ್ಕಾರಿ ಆಸ್ಪತ್ರೆ ಹತ್ತಿರವೇ ಇದೆ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಮಣಿಪಾಲವೂ ದೂರವಲ್ಲ.

ಆದರೆ ಈ ಊರಿಗೂ ತನ್ನದೇ ಕಷ್ಟವಿದೆ. ಅದು ಅರ್ಥವಾದದ್ದು ಏಪ್ರಿಲ್‌ನಲ್ಲಿ. ಗೆಳೆಯನ ಮನೆಯ ಬಾವಿಯಿಂದ ಒಂದು ಚೊಂಬು ನೀರು ಕುಡಿದೆ. ನಾಲಿಗೆಗೆ ಉಪ್ಪು ಹತ್ತಿತು. ಇಂಥ ನಡುಗಡ್ಡೆಗಳಲ್ಲಿ ಮಳೆಯ ಸಿಹಿನೀರು ಹಗುರವಾದ್ದರಿಂದ ನೆಲದಡಿಯ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ನಿಲ್ಲುತ್ತದೆ. ಬೇಸಿಗೆಯಲ್ಲಿ ನದಿಯ ಹರಿವು ಕುಗ್ಗಿ ಸಮುದ್ರದ ಉಬ್ಬರ ಒಳಗೆ ಏರಿದಾಗ ಆ ಪದರ ಇನ್ನೂ ತೆಳುವಾಗುತ್ತದೆ. ಕೊಡದಲ್ಲಿ ಸೇದಿದರೆ ಬಾವಿ ತಡೆದುಕೊಳ್ಳುತ್ತದೆ. ಆಳಕ್ಕೆ ಕೊಳವೆ ಇಳಿಸಿ ಪಂಪು ಹಾಕಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಒಬ್ಬನ ಹುಲ್ಲುಹಾಸಿನ ಆಸೆಗೆ ನೆರೆಯವನ ಬಾವಿ ಕೆಡಬಹುದು. ಹೊಳೆಯಂಚಿಗೆ ಮನೆ ಕಟ್ಟುವುದಕ್ಕೂ ಮಿತಿಯಿದೆ: 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಹಿನ್ನೀರಿನ ದ್ವೀಪಗಳಲ್ಲಿ ಭರತರೇಖೆಯಿಂದ 20 ಮೀಟರ್ ಜಾಗವನ್ನು ನಿರ್ಮಾಣರಹಿತವಾಗಿ ಬಿಡಬೇಕೆನ್ನುತ್ತದೆ. ಇದನ್ನು ತೊಡಕೆಂದು ಗೊಣಗುವವರಿದ್ದಾರೆ. ಪ್ರವಾಹದ ಆಷಾಢವನ್ನು ಅಲ್ಲಿ ಒಮ್ಮೆ ಕಂಡವರು ಗೊಣಗಲಾರರು.

ನಗರದ ನಾವು ಹಳ್ಳಿಯ ನಿಶ್ಶಬ್ದವನ್ನು ಗಾಳಿಯಂತೆ ಯಾರ ಸ್ವತ್ತೂ ಅಲ್ಲವೆಂದು ತಿಳಿಯುತ್ತೇವೆ. ಅದಕ್ಕೆ ಯಾರೋ ಬೆಲೆ ತೆತ್ತಿರುತ್ತಾರೆ: ರಸ್ತೆಯಿಲ್ಲದ ರಾತ್ರಿಗಳು, ದೂರದ ಶಾಲೆ, ಕೆಲಸ ಹುಡುಕಿ ಊರು ಬಿಟ್ಟ ಮಕ್ಕಳು. ಊರು ಸದ್ದಿಲ್ಲದೆ ಇರುವುದು ನೆಮ್ಮದಿಯಿಂದಲೋ ನಿರ್ಗತಿಕತನದಿಂದಲೋ ಎಂಬುದನ್ನು ಜಾಗ ನೋಡುವ ಮೊದಲೇ ಕೇಳಿಕೊಳ್ಳಬೇಕು. ಎರಡನೆಯದಾಗಿದ್ದರೆ, ಆ ನಿಶ್ಶಬ್ದ ಮುರಿಯಲೆಂದೇ ಅಲ್ಲಿಯವರು ಹಾರೈಸುತ್ತಿರುತ್ತಾರೆ. ಅವರ ಹಾರೈಕೆ ಕೈಗೂಡಬಾರದೆಂದು ಬಯಸುವ ನೆರೆಯವನಾಗಿ ಹೋಗಿ ಕೂರುವುದು ಸಜ್ಜನಿಕೆಯಲ್ಲ.

ಕೊನೆಗೆ ನಾವು ಎಲ್ಲಿಯೂ ಭೂಮಿ ಕೊಳ್ಳಲಿಲ್ಲ. ಉಪ್ಪಿನಕುದ್ರುವಿನಲ್ಲಿ ಮಕ್ಕಳು ಮುಂಬಯಿ ಸೇರಿದ್ದರಿಂದ ಬೀಗ ಬಿದ್ದಿದ್ದ ಹಂಚಿನ ಮನೆಯೊಂದನ್ನು ಒಂದು ವರ್ಷದ ಮಟ್ಟಿಗೆ ಬಾಡಿಗೆಗೆ ಹಿಡಿದಿದ್ದೇವೆ. ಮಳೆಗಾಲ, ಚಳಿ, ಉಪ್ಪುನೀರಿನ ಬೇಸಿಗೆ, ಮೂರನ್ನೂ ಅಲ್ಲಿ ಕಳೆದು, ಊರಿನವರಿಗೆ ನಾವು ಹೊರೆಯಾಗುತ್ತೇವೋ ಇಲ್ಲವೋ ತಿಳಿದ ಮೇಲೆ ಮುಂದಿನ ಮಾತು. ಕೊಳವೆಬಾವಿ ತೆಗೆಸುವುದಿಲ್ಲವೆಂದು ಗೆಳೆಯನಿಗೆ ಮಾತು ಕೊಟ್ಟಿದ್ದೇನೆ. ತುಮರಿಗೆ ಹೋಗುವುದನ್ನು ಬಿಟ್ಟಿಲ್ಲ. ಅಲ್ಲಿಗೆ ನಾವು ನೆಂಟರಾಗಿಯೇ ಇರುವುದು ವಾಸಿ.

ವಿಷಯ ತಿಳಿಸಿದಾಗ ಅತ್ತೆ ಬಾಡಿಗೆ ಎಷ್ಟೆಂದು ಕೇಳಲಿಲ್ಲ, ಮನೆ ಹೇಗಿದೆಯೆಂದೂ ಕೇಳಲಿಲ್ಲ. ‘ಅಲ್ಲಿ ರಾತ್ರಿ ಹೊತ್ತು ಡಾಕ್ಟರು ಸಿಗ್ತಾರಾ?’ ಎಂದರು. ಸಿಗುತ್ತಾರೆ ಎಂದೆ. ‘ಹಾಗಾದ್ರೆ ನಾನೂ ಬರ್ತೀನಿ’ ಎಂದರು.