ಹಾಲುಹಲ್ಲಿನ ತಿರುಳು, ದವಡೆಯ ಮೂಳೆ

ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಗ್ಟಾವ್ ಶಿ ಎಂಬ ಮಕ್ಕಳ ದಂತವೈದ್ಯರು ವಿಜ್ಞಾನಿಯಾಗಿದ್ದರು. ಆರು ವರ್ಷದ ಮಗಳ ಅಲುಗಾಡುತ್ತಿದ್ದ ಹಲ್ಲು ಕೈಗೆ ಬಂದಾಗ ಅದರ ಪೊಳ್ಳಿನೊಳಗೆ ಕೆಂಪಗೆ ಏನೋ ಉಳಿದಿರುವುದು ಅವರ ಕಣ್ಣಿಗೆ ಬಿತ್ತು. ಪ್ರಯೋಗಾಲಯಕ್ಕೆ ಒಯ್ದು ನೋಡಿದರೆ ಅದು ಹಲ್ಲಿನ ತಿರುಳು. ಇನ್ನೊಂದು ಹಲ್ಲು ಬೀಳುವ ಹೊತ್ತಿಗೆ ಅವರು ಸಿದ್ಧರಾಗಿದ್ದರು. ಕೋಶ ಬೆಳೆಸುವ ದ್ರವದಲ್ಲಿ ಅದನ್ನು ಮುಳುಗಿಸಿಟ್ಟು ಕಾಪಾಡಿದರು. ಬಿದ್ದ ಹಲ್ಲಿನೊಳಗೆ ಜೀವಂತ ಸ್ಟೆಮ್ ಸೆಲ್‌ಗಳು, ಅಂದರೆ ಆಕರಕೋಶಗಳು ಇರುತ್ತವೆ ಎಂಬ ಪ್ರಬಂಧ 2003ರಲ್ಲಿ ಪ್ರಕಟವಾಯಿತು. ಮೊದಲ ಹೆಸರು ಮಸಾಕೊ ಮಿಯುರಾ ಅವರದು. ಒಂದು ಬಾಚಿಹಲ್ಲಿನಲ್ಲಿ ಸಿಕ್ಕ ಆಕರಕೋಶಗಳು ಸುಮಾರು 12ರಿಂದ 20 ಮಾತ್ರ. ಆದರೆ ಅವು ಚುರುಕಾಗಿ ಹೆಚ್ಚುತ್ತಿದ್ದವು. ಈ ಪ್ರಬಂಧದಲ್ಲಿ ಇನ್ನೊಂದು ಮಾತಿದೆ, ನನ್ನ ಪ್ರಕಾರ ಅದೇ ಮುಖ್ಯವಾದದ್ದು. ಇಲಿಯ ದೇಹಕ್ಕೆ ಸೇರಿಸಿದಾಗ ಈ ಕೋಶಗಳು ತಾವೇ ಮೂಳೆಯ ಕೋಶಗಳಾಗಲಿಲ್ಲ. ಇಲಿಯ ಸ್ವಂತ ಕೋಶಗಳನ್ನು ಕರೆತಂದು ಅವುಗಳಿಂದ ಮೂಳೆ ಕಟ್ಟಿಸಿದವು. ಹಲ್ಲನ್ನು ಕಾಪಿಟ್ಟರೆ ನಾಳೆ ಬೇಕಾದ ಅಂಗ ಬೆಳೆಸಿಕೊಳ್ಳಬಹುದು ಎಂಬ ಪ್ರಚಾರ ಆಮೇಲೆ ಹಬ್ಬಿದಾಗ ಮರೆಯಾದದ್ದು ಇದೇ ಮಾತು.

ಇದಕ್ಕೂ ಮೊದಲೇ, 2000ದಲ್ಲಿ, ಅದೇ ಸಂಸ್ಥೆಯ ಸ್ಟಾನ್ ಗ್ರಾಂತೋಸ್ ಮತ್ತು ಸಂಗಡಿಗರು ದೊಡ್ಡವರ ಬುದ್ಧಿಹಲ್ಲಿನ ತಿರುಳಿನಲ್ಲಿ ಆಕರಕೋಶಗಳನ್ನು ಗುರುತಿಸಿದ್ದರು. ಮನುಷ್ಯರ ದವಡೆಯಲ್ಲಿ ಮೂಳೆ ಬೆಳೆಸುವ ಪ್ರಯತ್ನ ನಡೆದದ್ದು ಇಟಲಿಯ ನೇಪಲ್ಸ್‌ನಲ್ಲಿ. ಜಾನ್‌ಪಾವ್ಲೊ ಪಾಪಾಚ್ಚೊ ಅವರ ತಂಡ ಬುದ್ಧಿಹಲ್ಲು ಕಿತ್ತವರ ದವಡೆಯ ಒಂದು ಬದಿಗೆ ಅವರದೇ ತಿರುಳಿನ ಕೋಶಗಳನ್ನು ಕೊಲಾಜನ್ ಸ್ಪಂಜಿನಲ್ಲಿ ತುಂಬಿಸಿತು, ಇನ್ನೊಂದು ಬದಿಗೆ ಬರೀ ಸ್ಪಂಜು. ಕೋಶ ಹಾಕಿದ ಕಡೆ ಮೂಳೆ ಚೆನ್ನಾಗಿ ತುಂಬಿತೆಂದು 2009ರಲ್ಲಿ ವರದಿಯಾಯಿತು. ಮೂರು ವರ್ಷ ಕಳೆದು ಅದೇ ರೋಗಿಗಳನ್ನು ಪರೀಕ್ಷಿಸಿದ ಫಲಿತಾಂಶ 2013ರಲ್ಲಿ ಬಂತು. ಮೂಳೆ ಉಳಿದಿತ್ತು, ಗಟ್ಟಿಯಾಗಿಯೂ ಇತ್ತು. ಆದರೆ ಆ ಜಾಗದಲ್ಲಿ ಇರಬೇಕಾದ ಜಾಲರಿಯಂಥ ಹಗುರ ಮೂಳೆ ಅದಾಗಿರಲಿಲ್ಲ, ಒತ್ತೊತ್ತಾದ ದಟ್ಟ ಮೂಳೆಯಾಗಿತ್ತು. ಗೆಲುವನ್ನು ಹೇಳಿದ ತಂಡವೇ ಈ ಕೊರತೆಯನ್ನೂ ಮುಚ್ಚಿಡದೆ ಹೇಳಿತು. ಅದಕ್ಕೇ ಈ ಕೆಲಸದ ಮೇಲೆ ನನಗೆ ಗೌರವ.

ವಿಜ್ಞಾನ ಹೀಗೆ ಅಳೆದು ಹೆಜ್ಜೆಯಿಡುತ್ತಿರುವಾಗಲೇ ವ್ಯಾಪಾರ ಮುಂದೆ ಓಡಿತು. ಮುಂಬೈಯೂ ಸೇರಿದಂತೆ ದೇಶದಲ್ಲಿ ಹಲ್ಲು ಕಾಪಿಡುವ ಖಾಸಗಿ ಬ್ಯಾಂಕುಗಳು ಹುಟ್ಟಿಕೊಂಡವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಹೊಕ್ಕುಳಬಳ್ಳಿಯ ರಕ್ತವೊಂದನ್ನು ಬಿಟ್ಟು ಬೇರಾವ ಜೈವಿಕ ವಸ್ತುವನ್ನೂ ವ್ಯಾಪಾರಕ್ಕಾಗಿ ಕಾಪಿಡಬಾರದೆಂದು ಹೇಳಿತು. ಹಲ್ಲಿನ ತಿರುಳೂ ಈ ನಿಷೇಧಕ್ಕೆ ಒಳಪಟ್ಟಿತು. ಇದು ಸರಿಯಾದ ನಿರ್ಧಾರ. ಇಪ್ಪತ್ತು ವರ್ಷದ ಮೇಲೆ ಯಾವ ಕಾಯಿಲೆಗೆ ಒದಗುತ್ತದೆಂದು ಹೇಳಲಾಗದ ವಸ್ತುವಿಗೆ ತಂದೆತಾಯಿಯರಿಂದ ಹಣ ಪಡೆಯುವುದು ಭಯದ ಮಾರಾಟ. ಆದರೆ ವ್ಯಾಪಾರಕ್ಕೆ ಬಾಗಿಲು ಹಾಕಿದ ಮೇಲೆ ಸಂಶೋಧನೆಗಾಗಿ ಕೈಗೊಳ್ಳಬೇಕಿದ್ದ ಇನ್ನೊಂದು ಕೆಲಸ ಹಾಗೇ ಉಳಿದುಹೋಯಿತು. ನನಗೆ ಸಂಕಟವಾಗುವುದು ಅದಕ್ಕೆ.

ಠಾಣೆ ಖಾಡಿಯ ಈಚೆ ದಡದ ನವಿ ಮುಂಬೈಯನ್ನೇ ನೋಡಿ. ನೆರೂಲಿನಲ್ಲಿ ಡಿ. ವೈ. ಪಾಟೀಲ್ ಮತ್ತು ತೇರ್ನಾ, ಬೇಲಾಪುರದಲ್ಲಿ ಭಾರತಿ ವಿದ್ಯಾಪೀಠ, ಖಾರಘರದಲ್ಲಿ ವೈಎಂಟಿ, ಕಾಮೋಠೆಯಲ್ಲಿ ಎಂಜಿಎಂ ದಂತ ಕಾಲೇಜುಗಳಿವೆ. ಅಡ್ಡ ಬೆಳೆದ ಬುದ್ಧಿಹಲ್ಲು ತೆಗೆಸಲು, ವಕ್ರದಂತ ಸರಿಪಡಿಸಲೆಂದು ಒಳ್ಳೆಯ ಹಲ್ಲನ್ನೇ ಕೀಳಿಸಲು ಕಲ್ಯಾಣ, ಡೊಂಬಿವಲಿ, ಠಾಣೆಗಳ ಜನ ಹೋಗುವುದು ಇಂಥ ಆಸ್ಪತ್ರೆಗಳಿಗೇ. ಕಿತ್ತ ಹಲ್ಲು ಆಸ್ಪತ್ರೆ ತ್ಯಾಜ್ಯದ ಹಳದಿ ಚೀಲಕ್ಕೆ ಬೀಳುತ್ತದೆ. ಊರಿನಲ್ಲಿ ಸಗಣಿಯುಂಡೆಯಲ್ಲಿಟ್ಟು ಮಾಡಿನ ಮೇಲೆ ಎಸೆಯುತ್ತಿದ್ದ ಹಾಲುಹಲ್ಲು ಡೊಂಬಿವಲಿಯ ಫ್ಲ್ಯಾಟಿನಲ್ಲಿ ಕಸದ ಡಬ್ಬಿ ಸೇರುತ್ತದೆ. ಅದೇ ಖಾರಘರದಲ್ಲಿ ಟಾಟಾ ಸ್ಮಾರಕ ಕೇಂದ್ರದ ಕ್ಯಾನ್ಸರ್ ಸಂಶೋಧನಾ ಕೇಂದ್ರ ಆಕ್ಟ್ರೆಕ್ ಇದೆ. ರಬಾಳೆಯಲ್ಲಿ ಜೈವಿಕ ತಂತ್ರಜ್ಞಾನದ ಕಂಪನಿ ರಿಲಯನ್ಸ್ ಲೈಫ್ ಸೈನ್ಸಸ್ ಇದೆ. ಹಲ್ಲು, ಕೋಶ ಬೆಳೆಸುವ ವಿದ್ಯೆ, ಶಸ್ತ್ರಚಿಕಿತ್ಸಕರು, ಮೂರೂ ಒಂದೇ ರೈಲುಮಾರ್ಗದ ಆಸುಪಾಸಿನಲ್ಲಿವೆ. ಇವನ್ನು ಸೇರಿಸುವ ಸಾರ್ವಜನಿಕ ಸಂಶೋಧನಾ ಸಂಗ್ರಹವೊಂದು ಇಲ್ಲಿ ಆಗಬೇಕು ಎಂಬುದೇ ನನ್ನ ವಾದ.

ದವಡೆಗೆ ಮೂಳೆ ಬೇಕಾದಾಗ ಈಗ ಸೊಂಟದಿಂದ ತೆಗೆಯುತ್ತಾರಲ್ಲ, ಅದು ಸಾಲದೆ ಎಂದು ಕೇಳಬಹುದು. ಆ ವಿಧಾನ ಗಟ್ಟಿ, ನಂಬಲರ್ಹ. ಬೆಲೆ ತೆರುವುದು ಮಾತ್ರ ರೋಗಿಯ ಸೊಂಟ. ಸೀಳು ತುಟಿ, ಸೀಳು ಅಂಗುಳದೊಂದಿಗೆ ಹುಟ್ಟಿದ ಮಗುವಿನ ಒಸಡಿನ ಬಿರುಕಿಗೆ ಮೂಳೆ ತುಂಬುವುದು ಸಾಮಾನ್ಯವಾಗಿ 8ರಿಂದ 11ರ ವಯಸ್ಸಿನಲ್ಲಿ, ಕೋರೆಹಲ್ಲು ಇಳಿಯುವ ಮುಂಚೆ. ಹಾಲುಹಲ್ಲುಗಳು ಒಂದೊಂದಾಗಿ ಬೀಳುವ ಕಾಲವೂ ಅದೇ. ಮೂಳೆಗಾಗಿ ಸೊಂಟ ಕೊಯ್ಯಿಸಿಕೊಳ್ಳುವ ಮಗುವಿನ ಬಾಯಿಂದಲೇ ಆ ದಿನಗಳಲ್ಲಿ ಆಕರಕೋಶ ಉದುರುತ್ತಿರುತ್ತದೆ. ಬ್ರೆಜಿಲ್‌ನ ಡೇನಿಯೆಲಾ ಬುಯೆನೊ ಮತ್ತು ಸಂಗಡಿಗರು ಹಾಲುಹಲ್ಲಿನ ಕೋಶಗಳಿಂದ ಬಿರುಕಿಗೆ ಮೂಳೆ ತುಂಬುವ ಈ ಜೋಡಣೆಯನ್ನು ಮಕ್ಕಳಲ್ಲೇ ಪ್ರಯತ್ನಿಸಿದರು. ಒಂದು ವರ್ಷದ ನಂತರ ತುಂಬಿದ್ದ ಮೂಳೆ ಸೊಂಟದ ಮೂಳೆ ಹಾಕಿದ ಮಕ್ಕಳದಕ್ಕೆ ಸರಿಸಾಟಿಯಾಗಿತ್ತೆಂದು 2020ರಲ್ಲಿ ವರದಿ ಮಾಡಿದರು. ಮಕ್ಕಳ ಸಂಖ್ಯೆ ಚಿಕ್ಕದು, ನಿಜ. ಅದಕ್ಕಾಗಿಯೇ ಅದನ್ನು ಇಲ್ಲಿಯೂ ಪರೀಕ್ಷಿಸಬೇಕು. ಮಂಗಳೂರಿನ ದೇರಳಕಟ್ಟೆಯ, ಧಾರವಾಡದ ಎಸ್‌ಡಿಎಂನ ಆಸ್ಪತ್ರೆಗಳಲ್ಲಿ ಸೀಳು ತುಟಿಯ ಚಿಕಿತ್ಸೆಯ ದೊಡ್ಡ ಅನುಭವವಿದೆ. ನವಿ ಮುಂಬೈ ಸುತ್ತಲಿನ ಕನ್ನಡ ಕುಟುಂಬಗಳಲ್ಲಿ ಬಹಳಷ್ಟಕ್ಕೆ ಕರಾವಳಿಯ ನಂಟೂ ಇರುವುದರಿಂದ ಆ ಅನುಭವ ಇಲ್ಲಿಗೂ ಒದಗೀತು.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ಮಹಾರಾಷ್ಟ್ರದಲ್ಲಿ 2012ರಲ್ಲೇ ಗುಟ್ಕಾ ನಿಷೇಧವಾದರೂ ಬಾಯಿ ಕ್ಯಾನ್ಸರಿಗೆ ದವಡೆ ಕಳೆದುಕೊಂಡವರಿಗೇನೂ ಕೊರತೆಯಿಲ್ಲ, ಕಾಲಿನ ಸಣ್ಣ ಮೂಳೆಯನ್ನು ರಕ್ತನಾಳ ಸಮೇತ ತಂದು ಅವರ ದವಡೆ ಕಟ್ಟುತ್ತಾರೆ; ಈ ಕೋಶಗಳು ಮೊದಲು ಅವರಿಗಲ್ಲವೇ ಸಿಗಬೇಕು? ಸಿಗಬಾರದು. ಈ ಬಗೆಯ ಕೋಶಗಳು ಅಳಿದುಳಿದ ಗಡ್ಡೆಗೇ ಪೋಷಣೆ ಕೊಟ್ಟಾವೆಂಬ ಆತಂಕ ವಿಜ್ಞಾನಿಗಳಲ್ಲಿದೆ. ಕಿರಣಚಿಕಿತ್ಸೆ ಪಡೆದ ದವಡೆಯಲ್ಲಿ ರಕ್ತಸಂಚಾರವೂ ಕುಂದಿರುತ್ತದೆ. ಕರೆದರೆ ಬರಬೇಕಾದ ಕೋಶಗಳೇ ಅಲ್ಲಿ ವಿರಳ. ಈ ಕೋಶಗಳು ದೇಹದ ಸ್ವಂತ ಕೋಶಗಳನ್ನು ಕರೆತಂದು ಮೂಳೆ ಕಟ್ಟಿಸುತ್ತವೆ ಎಂಬ ಮಿಯುರಾ ಪ್ರಬಂಧದ ಮಾತು ಇಲ್ಲಿ ಎಚ್ಚರಿಕೆಯಾಗಿ ನಿಲ್ಲುತ್ತದೆ. ಸೀಳು ತುಟಿಯ ಮಕ್ಕಳಿಂದ ಆರಂಭಿಸಿ, ಹಲವು ವರ್ಷ ನೋಡಿಕೊಂಡು, ಆಮೇಲೆ ಕ್ಯಾನ್ಸರ್ ರೋಗಿಗಳತ್ತ ಬರುವುದೇ ಸರಿಯಾದ ಕ್ರಮ.

ನಿಷೇಧವಿರುವಾಗ ಸಂಗ್ರಹ ಹೇಗೆ ಎನ್ನುವವರು ಮಾರ್ಗಸೂಚಿಯನ್ನು ಮತ್ತೊಮ್ಮೆ ಓದಲಿ. ತಡೆದಿರುವುದು ವ್ಯಾಪಾರವನ್ನು. ನೈತಿಕ ಸಮಿತಿಯ ಒಪ್ಪಿಗೆ ಮತ್ತು ದಾನಿಯ ಲಿಖಿತ ಸಮ್ಮತಿಯೊಂದಿಗೆ ಸಂಶೋಧನೆಗೆ, ಔಷಧ ನಿಯಂತ್ರಣ ಸಂಸ್ಥೆಯ ಅನುಮತಿಯೊಂದಿಗೆ ಕ್ಲಿನಿಕಲ್ ಟ್ರಯಲ್‌ಗೆ ದಾರಿ ತೆರೆದೇ ಇದೆ. ನವಿ ಮುಂಬೈಯ ದಂತ ಕಾಲೇಜುಗಳು ಒಟ್ಟಾಗಿ ಈ ಅರ್ಜಿ ಹಾಕಬೇಕು, ಸಂಶೋಧನಾ ಮಂಡಳಿ ಅದಕ್ಕೆ ಹಣ ಕೊಡಬೇಕು. ತಂದೆತಾಯಿಯರು ಮಕ್ಕಳ ಹಲ್ಲು ಕಾಪಿಡಲು ಯಾರಿಗೂ ದುಡ್ಡು ಕೊಡಬೇಡಿ. ಹಲ್ಲು ಕೀಳಿಸಲು ಕಾಲೇಜಿನ ಕುರ್ಚಿಯಲ್ಲಿ ಕೂತಾಗ, ಇದನ್ನು ಸಂಶೋಧನೆಗೆ ಕೊಡುವ ಏರ್ಪಾಡು ಇಲ್ಲಿದೆಯೇ ಎಂದು ವೈದ್ಯರನ್ನು ಕೇಳಿ.