ಟೆಸ್ಟೋಸ್ಟೆರಾನ್ ಚಿಕಿತ್ಸೆ: ಸರ್ಕಾರಿನೋ, ಪ್ರೈವೇಟೋ?

ಜಿಮ್‌ನಲ್ಲಿ ಸುಸ್ತು ಅಂದ್ರೆ ಸಾಕು, "ಮಗಾ, ಟೆಸ್ಟೋಸ್ಟೆರಾನ್ ಹಾಕಿಸ್ಕೋ" ಅನ್ನೋರು ನಮಗೆ ಸಿಗ್ತಾರೆ. ಆದರೆ ಈ ಚಿಕಿತ್ಸೆ ಇರೋದು ವೃಷಣದ ಅಥವಾ ಪಿಟ್ಯುಟರಿ ಗ್ರಂಥಿಯ ತೊಂದರೆಯಿಂದ ದೇಹವೇ ಈ ಹಾರ್ಮೋನನ್ನು ಸಾಕಷ್ಟು ತಯಾರಿಸದವರಿಗೆ. ಅಂಥವರು ಎಲ್ಲಿಗೆ ಹೋಗಬೇಕು?

ಮೊದಲು ಗಡಿಯಾರ ನೋಡಬೇಕು. ಟೆಸ್ಟೋಸ್ಟೆರಾನ್ ಬೆಳಿಗ್ಗೆ ಹೆಚ್ಚಿದ್ದು ಸಂಜೆಗೆ ಇಳಿಯುತ್ತೆ. ಅದಕ್ಕೇ ಬೆಳಿಗ್ಗೆ 10ರೊಳಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ಎರಡು ದಿನ ರಕ್ತ ಕೊಡಬೇಕು. ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಮೈಸೂರಿನ ಸರ್ಕಾರಿ ಕೆ.ಆರ್. ಆಸ್ಪತ್ರೆ ಹತ್ತಿರ. ಕೆ.ಆರ್. ಪೇಟೆಯಿಂದ ಬಸ್ ಹಿಡಿದು ಬಂದು, ಚೀಟಿ ಮಾಡಿಸಿ, ಕ್ಯೂ ನಿಲ್ಲೋಷ್ಟರಲ್ಲಿ ಹತ್ತು ದಾಟಿರುತ್ತೆ! ಅವರು ತಾಲ್ಲೂಕು ಆಸ್ಪತ್ರೆಯಲ್ಲಿ ಟೆಸ್ಟ್ ಬರೆಸಿ, ಊರಿನ ಲ್ಯಾಬ್‌ನಲ್ಲೇ ರಕ್ತ ಕೊಟ್ಟು, ರಿಪೋರ್ಟ್ ಹಿಡಿದು ಮೈಸೂರಿಗೋ ಮಂಡ್ಯದ ಮಿಮ್ಸ್‌ಗೋ ಹೋಗಬಹುದು. ನಾಗಮಂಗಲದವರಿಗೆ ತಾಲ್ಲೂಕಲ್ಲೇ, ಬಿ.ಜಿ. ನಗರದಲ್ಲಿ, ಆದಿಚುಂಚನಗಿರಿ ಮೆಡಿಕಲ್ ಕಾಲೇಜಿದೆ. ಆದರೆ ಅದು ಖಾಸಗಿ.

ಪ್ರೈವೇಟ್‌ನಲ್ಲಿ ಬೇಗ ಆಗುತ್ತೆ, ನಿಜ. ಆದರೆ ಇದು ಒಂದು ಸಲದ ಬಿಲ್ ಅಲ್ಲ. ಕೆಲವು ಇಂಜೆಕ್ಷನ್ 2–3 ವಾರಕ್ಕೊಮ್ಮೆ, 1000 ಮಿ.ಗ್ರಾಂನದ್ದು ಸುಮಾರು ಮೂರು ತಿಂಗಳಿಗೊಮ್ಮೆ, ಹಲವರಿಗೆ ಜೀವನಪೂರ್ತಿ. ರಕ್ತ ಗಟ್ಟಿಯಾಗ್ತಿದೆಯಾ ಅಂತ ಹೆಮಟೋಕ್ರಿಟ್ ಟೆಸ್ಟ್ ಬೇರೆ. ಹಾಗಾಗಿ ಇಡೀ ವರ್ಷದ ಲೆಕ್ಕ ಹಾಕಿ. ನಮ್ಮ ಪ್ರಕಾರ ಪ್ರೈವೇಟ್ ಲ್ಯಾಬ್, ಸರ್ಕಾರಿ ಡಾಕ್ಟರ್ ಜೋಡಿನೇ ಹೆಚ್ಚು ಮನೆಗಳಿಗೆ ತಾಳುತ್ತೆ.

ಜಿಮ್‌ನವರು ಹೇಳದ ಮಾತು ಇನ್ನೊಂದಿದೆ. ಹೊರಗಿಂದ ಟೆಸ್ಟೋಸ್ಟೆರಾನ್ ಬಂದರೆ ಪಿಟ್ಯುಟರಿ ತನ್ನ ಸಿಗ್ನಲ್ ಕಡಿಮೆ ಮಾಡುತ್ತೆ (ನಾವು ಓದೋ ನೆಗೆಟಿವ್ ಫೀಡ್‌ಬ್ಯಾಕ್ ಇದೇ), ವೀರ್ಯಾಣು ಸಂಖ್ಯೆ ಕುಸಿಯುತ್ತೆ. ಮುಂದೆ ಮಕ್ಕಳು ಬೇಕು ಅನ್ನೋರು ಮೊದಲ ದಿನವೇ ಡಾಕ್ಟರಿಗೆ ಹೇಳಬೇಕು. ಟೆಸ್ಟೇ ಮಾಡಿಸದೆ ಸೂಜಿ ತೆಗೆದರೆ, ಸರ್ಕಾರಿಯಾಗಲಿ ಪ್ರೈವೇಟ್ ಆಗಲಿ, ಎದ್ದು ಬಂದ್ಬಿಡಿ.