ಯಾರ ಜಗಲಿಯಲ್ಲಿ ಶಾಲೆ?

ನಾನು ಮೂಡಬಿದಿರೆ ಕಡೆಯ ಕಾಲೊನಿಯೊಂದರಲ್ಲಿ ಹುಟ್ಟಿ, ಬಂಟ್ವಾಳದಲ್ಲಿ ಮಾಷ್ಟ್ರಾಗಿ, ಕೊರೋನಾ ಕಾಲಕ್ಕೆ ಬೆಳ್ತಂಗಡಿಯ ಸರಕಾರಿ ಶಾಲೆಯೊಂದರ ಮುಖ್ಯೋಪಾಧ್ಯಾಯನಾಗಿದ್ದವನು. ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಹೆಡ್ ಮಾಷ್ಟ್ರಿಗೇನು ಕೆಲಸ ಎಂದು ಕೇಳಬಹುದು. ಕತೆ, ಕವಿತೆಗಳ ಹಾಗೆ ಹಾಜರಿ ಪುಸ್ತಕವನ್ನೂ ವಿಮರ್ಶೆ ಓದಬೇಕು. ಅದರಲ್ಲಿ ‘ಗೈರುಹಾಜರು’ ಎಂದು ಬರೆಯುವ ಕೈ ನಮ್ಮದು.

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಆಗಸ್ಟಿನಲ್ಲಿ ಸರಕಾರ ‘ವಿದ್ಯಾಗಮ’ ತಂದಿತು. ಮಕ್ಕಳನ್ನು ಮೂರು ಪಂಗಡ ಮಾಡಬೇಕು: ಇಂಟರ್ನೆಟ್ ಫೋನಿನವರು, ಬರೀ ಮಾತಾಡುವ ಫೋನಿನವರು, ಏನೂ ಇಲ್ಲದವರು. ಇದರಲ್ಲಿ ಜಾತಿಯ ಮಾತೇ ಇಲ್ಲ. ಆದರೆ ನಾನು ಪಟ್ಟಿ ಮುಗಿಸಿದಾಗ ಮೂರನೆಯ ಪಂಗಡದಲ್ಲಿದ್ದದ್ದು ಹೆಚ್ಚಾಗಿ ಕಾಲೊನಿಯ ಹೆಸರುಗಳೇ. ಬೀಡಿ ಕಟ್ಟುವ ಮನೆಯಲ್ಲಿ ಫೋನಿದ್ದರೂ ಒಂದೇ. ಅದು ಅಪ್ಪನೊಟ್ಟಿಗೆ ಕೆಲಸಕ್ಕೆ ಹೋಗುತ್ತದೆ.

ಹಾಗಾಗಿ ಮಕ್ಕಳಿರುವಲ್ಲಿಗೇ ನಾವು ಹೋಗಬೇಕು. ಮರದಡಿ, ಜಗಲಿ, ದೇವಸ್ಥಾನದ ಅಂಗಳ ಎಲ್ಲಾದರೂ ಸರಿ. ಕೇಳಲಿಕ್ಕೆ ಚಂದ. ಊರಿನ ದೊಡ್ಡ ಮನೆಯವರು ಜಗಲಿ ಬಿಟ್ಟುಕೊಟ್ಟರು. ಮಳೆಗಾಲ ಬೇರೆ, ಒಪ್ಪಿದೆ. ಕಾಲೊನಿಯ ಮಕ್ಕಳು ಎರಡು ದಿನ ಅಂಗಳದ ತುದಿಯಲ್ಲಿ ಕೊಡೆ ಹಿಡಿದು ನಿಂತರು. ನಾಚಿಕೆ ಇರಬೇಕು ಎಂದುಕೊಂಡೆ. ಮೂರನೇ ದಿನ ಬರಲಿಲ್ಲ. ‘ಗೈರುಹಾಜರು’ ಬರೆದೆ. ಮನೆಗೆ ಹೋಗಿ ವಿಚಾರಿಸಿದಾಗ ಒಬ್ಬ ತಾಯಿ ತುಳುವಿನಲ್ಲಿ ಹೇಳಿದ್ದಿಷ್ಟು: “ಮಾಷ್ಟ್ರೇ, ಆ ಜಗಲಿಗೆ ನಾವ್ಯಾರೂ ಹತ್ತಿದವರಲ್ಲ. ಮಕ್ಕಳಿಗೆ ಹತ್ತು ಅಂತ ನಾನು ಹೇಗೆ ಹೇಳುವುದು?”

ಅಲ್ಲಿ ನನಗೆ ಕುರ್ಚಿ ಹಾಕಿದ್ದರು. ಜಗಲಿ ಹತ್ತಿದ್ದು ನನ್ನ ಹುದ್ದೆ, ನಾನಲ್ಲ ಎಂಬುದೇ ಮರೆತುಹೋಗಿತ್ತು.

ಸರಕಾರಿ ಶಾಲೆಯ ಮಾಡು ಸೋರಬಹುದು, ಆದರೆ ಅದು ಯಾರಪ್ಪನ ಮನೆಯೂ ಅಲ್ಲ. ನಮ್ಮ ಜಿಲ್ಲೆಯಲ್ಲಿ ಅದು ಸುಮ್ಮನೆ ಸಿಕ್ಕಿದ್ದಲ್ಲ. 1892ರಲ್ಲಿ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಬೇರೆಯೇ ಶಾಲೆ ತೆರೆಯಬೇಕಾಯಿತು. ಎಲ್ಲರೂ ಒಂದೇ ಬೆಂಚಿಗೆ ಬರಲು ಆಮೇಲೆ ಎಷ್ಟೋ ಕಾಲ ಹಿಡಿಯಿತು. ಆ ಕಟ್ಟಡ ಬಿಟ್ಟು ಊರೊಳಗೆ ಹೋದ ಶಾಲೆ ಊರಿನ ಜಾತಿಯೊಳಗೇ ಹೋಯಿತು. ‘ಸಾಮಾಜಿಕ ಅಂತರ’ ಎಂಬುದನ್ನು ನಮ್ಮವರಿಗೆ ಹೊಸತಾಗಿ ಕಲಿಸಬೇಕಾಗಿರಲಿಲ್ಲ.

ಪಾಠವನ್ನು ಕಾಲೊನಿಯ ಸಮುದಾಯ ಭವನಕ್ಕೆ ಬದಲಾಯಿಸಿದೆ. “ದೂರ ಆಗ್ತದೆ ಸಾರ್” ಎಂದರು ಕೆಲವು ಪೋಷಕರು. ಅದೇ ಅರ್ಧ ಕಿಲೋಮೀಟರು! ಕಾಲೊನಿಯ ಮಕ್ಕಳಿಗೆ ಆಗದ ದೂರ ಇವರಿಗೆ ಆಯಿತು. ಈ ಸಲ ‘ಗೈರುಹಾಜರು’ ಬಿದ್ದದ್ದು ಇವರ ಹೆಸರಿನ ಮುಂದೆ.

ಸೋಂಕು ಹೆಚ್ಚಿ ಅಕ್ಟೋಬರಿನಲ್ಲಿ ವಿದ್ಯಾಗಮ ನಿಂತಿತು. 2021ರ ಜನವರಿ 1ರಿಂದ ಆರನೆಯ ತರಗತಿಯಿಂದ ಮೇಲಿನವರಿಗೆ ಶಾಲೆಯ ಆವರಣದಲ್ಲೇ ಶುರುವಾಯಿತು. ಎರಡೂ ಕಡೆಯ ಮಕ್ಕಳು ಬಂದರು.

ನಾವು ಆದೇಶ ಪಾಲಿಸುವವರು ಮಾತ್ರ ಎಂದು ಹೆಡ್ ಮಾಷ್ಟ್ರುಗಳು ಹೇಳುವುದುಂಟು. ಆದರೆ ಜಗಲಿ ಆರಿಸಿದ್ದು ಆದೇಶವಲ್ಲ, ನಾನು. ಮುಂದೆ ಇಂಥದೇ ಕಾಲ ಬಂದರೆ ನಾವು ಮೊದಲು ಕೇಳಬೇಕಾದದ್ದು ಒಂದೇ ಪ್ರಶ್ನೆ: ಈ ಮೆಟ್ಟಿಲನ್ನು ಎಲ್ಲ ಮಕ್ಕಳೂ ಹತ್ತುತ್ತಾರೆಯೇ?